ಮುಚ್ಚಳದ ಒಳಗಿನ ಗುರುತು

ನಾರಾಯಣಪೇಟೆಯ ಬಸ್‌ಸ್ಟ್ಯಾಂಡಿನ ಎದುರಿನ ಓಣಿಯಲ್ಲಿ ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ನಾನು. ಬಲಗೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದೇನೆ. ಈಗ ಈ ಕಸುಬಿಗೆ ಬರುವವರೇ ಕಡಿಮೆ. ಬಂದವರೂ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಕೂತು ಸೆಲ್ ಬದಲಿಸಿ, ಬೆಲ್ಟ್ ಹಾಕಿ ಕಳಿಸುತ್ತಾರೆ. ಅಂಥ ನಾಲ್ಕೈದು ಜನ ಆಗಾಗ ನನ್ನ ಮನೆಗೆ ಬರುತ್ತಾರೆ. ಬಂದಾಗಲೆಲ್ಲ ಅದೇ ಪ್ರಶ್ನೆ: “ಕಾಕಾ, ಗಂಡಸರು ಭಾರಿ ರೊಕ್ಕ ಹಾಕಿ ವಾಚ್ ತಗೋಬೇಕೋ ಬ್ಯಾಡೋ ಅಂತ ಗಿರಾಕಿ ಕೇಳ್ತಾರ್ರಿ. ಏನ್ ಹೇಳಬೇಕ್ರಿ?”

ಒಂದು ಮಾತಿನಲ್ಲಿ ಹೇಳುವಂತಿದ್ದರೆ ಎಂದೋ ಹೇಳಿಬಿಡುತ್ತಿದ್ದೆ. ನನಗೆ ಮೊದಲೇ ಸಿಟ್ಟು ಜಾಸ್ತಿ, ಮಾತು ಎಳೆಯುವುದು ಆಗುವುದಿಲ್ಲ. ಆದರೆ ಇದೊಂದು ಪ್ರಶ್ನೆಗೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಯಾಕೆ ಎಂಬುದನ್ನು ಬರೆದೇ ತಿಳಿಸಬೇಕು ಅನ್ನಿಸಿ ಕೂತಿದ್ದೇನೆ.

ನಾನು ಕಸುಬು ಕಲಿತದ್ದು ಗದ್ವಾಲದಲ್ಲಿ, ರಹೀಂ ಉಸ್ತಾದರ ಹತ್ತಿರ. ಆಗ ನನಗೆ ಇಪ್ಪತ್ತು ದಾಟಿತ್ತು. ಉಸ್ತಾದರು ಸಣ್ಣ ಆಳು, ಹಲ್ಲಿನಲ್ಲಿ ಸದಾ ಒಂದು ಲವಂಗ. ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ. ಅವರು ಎದುರಿಗೆ ಬಂದು ನಿಂತು, ಮಾತಾಡದೆ ಲವಂಗ ಕಡಿದರೆ ನಾನು ಜೋಡಿಸಿದ್ದನ್ನು ಮತ್ತೆ ಬಿಚ್ಚತೊಡಗುತ್ತಿದ್ದೆ.

ಮೊದಲ ದೊಡ್ಡ ತಪ್ಪು ಅಲ್ಲೇ ಆಯಿತು. ಐಜದ ಒಬ್ಬ ಕಂಪೌಂಡರ್ ತಮ್ಮ ವಾಚನ್ನು ಸಾಫ್ ಮಾಡಲು ಕೊಟ್ಟಿದ್ದರು. ತೀರಾ ಸಾದಾ ವಾಚು, ಗಾಜಿನ ಮೇಲೆ ಗೀರು, ಪಟ್ಟಿ ಬೆವರಿಗೆ ಕಪ್ಪಾಗಿತ್ತು. ಅದನ್ನು ನೋಡಿಯೇ ನನಗೆ ಅಸಡ್ಡೆ. ಪಕ್ಕದಲ್ಲಿ ಯಾರೋ ದೊಡ್ಡವರ ಹೊಳೆಯುವ ವಾಚು ಕಾಯುತ್ತಿತ್ತು, ಕಣ್ಣೆಲ್ಲ ಅದರ ಮೇಲೆ. ಹಾಗಾಗಿ ಕಂಪೌಂಡರ್ ವಾಚನ್ನು ಗಡಿಬಿಡಿಯಲ್ಲಿ ಜೋಡಿಸಿ ಕಳಿಸಿದೆ. ಸೆಕೆಂಡಿನ ಮುಳ್ಳನ್ನು ಸಡಿಲವಾಗಿ ಕೂರಿಸಿದ್ದೆ. ಅದು ಪ್ರತಿ ಸುತ್ತಿನಲ್ಲೂ ಒಂದು ಕಡೆ ಗಾಜಿಗೆ ತಾಗಿ, ಹತ್ತು ಹನ್ನೆರಡು ಸೆಕೆಂಡು ತಡವರಿಸಿ, ಮತ್ತೆ ಹೊರಡುತ್ತಿತ್ತು. ಗಂಟೆಯ ಮುಳ್ಳಿಗೂ ನಿಮಿಷದ ಮುಳ್ಳಿಗೂ ಏನೂ ಆಗಿರಲಿಲ್ಲ, ಹಾಗಾಗಿ ಟೈಮ್ ಸರಿಯಾಗಿಯೇ ಇತ್ತು.

ಆದರೆ ಕಂಪೌಂಡರ್ ಆ ವಾಚು ನೋಡುತ್ತಿದ್ದದ್ದು ನಾಡಿ ಎಣಿಸಲು. ಏಳು ತಿಂಗಳ ಬಸುರಿಯೊಬ್ಬಳ ನಾಡಿ ಹಿಡಿದಿದ್ದಾರೆ. ನಿಮಿಷ ಉದ್ದವಾದ್ದರಿಂದ ಬಡಿತ ಜಾಸ್ತಿ ಬಂತು. ಹೆದರಿ, ತಕ್ಷಣ ಕರ್ನೂಲಿನ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಆಕೆಯನ್ನು ಗಂಡ ಮತ್ತು ಅತ್ತೆ ಬಸ್ಸಿನಲ್ಲಿ ಕೂರಿಸಿಕೊಂಡು, ಕುಲುಕುವ ರಸ್ತೆಯಲ್ಲಿ, ದಾರಿಯುದ್ದಕ್ಕೂ ಅಳುತ್ತ ಹೋದರಂತೆ. ಇತ್ತ ಕಂಪೌಂಡರ್ ಮುಂದಿನ ರೋಗಿಯ ನಾಡಿ ನೋಡಿದರೆ ಅದೂ ಓಡುತ್ತಿದೆ. ಅದರ ಮುಂದಿನವನದೂ ಹಾಗೆಯೇ. ಕೊನೆಗೆ ತಮ್ಮ ಕೈಯನ್ನೇ ಹಿಡಿದು ನೋಡಿಕೊಂಡರು. ಅದೂ ಓಡುತ್ತಿತ್ತು. ಆಗ ತಪ್ಪು ಎಲ್ಲಿದೆ ಎಂದು ಅವರಿಗೆ ಹೊಳೆಯಿತು.

ಮರುದಿನ ಗದ್ವಾಲಕ್ಕೆ ಬಂದು ವಾಚನ್ನು ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದರು. ಉಸ್ತಾದರು ನನ್ನನ್ನು ನೋಡಿದರು. ನಾನು ಒಂದೇ ಉಸಿರಿಗೆ, “ಇದು ನಾ ಮಾಡಿದ್ದಲ್ರೀ” ಅಂದುಬಿಟ್ಟೆ. ಹೆದರಿಕೆಗೆ ಬಂದ ಸುಳ್ಳು ಅದು. ಉಸ್ತಾದರು ಲವಂಗ ಕಡಿದರು. ಆಮೇಲೆ, “ಬಸ್ಸು ಹತ್ತು. ಆ ಹೆಣ್ಮಗಳ ಮನಿಗೆ ಹೋಗು. ತಪ್ಪು ನಂದು ಅಂತ ಹೇಳಿ ಬಾ” ಅಂದರು.

ಹೋದೆ. ಆಕೆ ಕರ್ನೂಲಿನಿಂದ ವಾಪಸು ಬಂದು ಮನೆಯಲ್ಲೇ ಇದ್ದಳು, ತಾಯಿ ಮಗು ಇಬ್ಬರಿಗೂ ಏನೂ ಆಗಿರಲಿಲ್ಲ. ಅವಳ ಅತ್ತೆ ಬಾಗಿಲಲ್ಲಿ ನಿಂತು ನನಗೆ ತೆಲುಗಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು ಬಂದೆ.

ಆ ಸಂಜೆ ಉಸ್ತಾದರು ನನಗೆ ಎರಡು ಕಟ್ಟಳೆ ಹಾಕಿದರು. “ಇನ್ನ ಮ್ಯಾಲೆ ನೀ ಕೈ ಇಟ್ಟ ಪ್ರತಿ ವಾಚಿನ ಮುಚ್ಚಳದ ಒಳಗ ನಿನ್ನ ಗುರುತು ಕೆತ್ತು, ತಿಂಗಳು-ವರ್ಷ ಹಾಕು. ಹೆಸರಾಗಲಿ ಅಂತಲ್ಲ ಮಿಯಾ. ಕೆಲಸ ಕೆಟ್ರ ಯಾರನ್ನ ಹಿಡೀಬೇಕು ಅಂತ ಗೊತ್ತಾಗಬೇಕು, ಅದಕ್ಕ. ಎರಡನೇದು, ವಾಚಿನೊಳಗ ಕಂಡಿದ್ದನ್ನ ಮಾಲಕ ಕೇಳಿದ್ರ ಖರೇ ಹೇಳು. ಕೇಳಲಿಲ್ಲ ಅಂದ್ರ ಸುಮ್ಮನಿರು. ಬ್ಯಾರೇವ್ರಿಗಂತೂ ಎಂದೂ ಹೇಳಬ್ಯಾಡ.”

ನನ್ನ ಹೆಸರು ಚನ್ನಬಸಪ್ಪ. ‘ಚ’ ಅನ್ನುವ ಒಂದೇ ಅಕ್ಷರ, ಪಕ್ಕದಲ್ಲಿ ತಿಂಗಳು, ವರ್ಷ. ಸೂಜಿಯಂಥ ಮೊನೆಯಿಂದ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕೆತ್ತುತ್ತಿದ್ದೆ. ಬರಿಗಣ್ಣಿಗೆ ಗೀರಿನ ಹಾಗೆ ಕಾಣುತ್ತದೆ, ಭೂತಗನ್ನಡಿ ಹಿಡಿದರೆ ಮಾತ್ರ ಅಕ್ಷರ. ಮೊದಮೊದಲು ಉಸ್ತಾದರು ನೆನಪಿಸಬೇಕಾಗುತ್ತಿತ್ತು. ಒಂದೆರಡು ವರ್ಷದಲ್ಲಿ ಕೈ ತಾನಾಗಿಯೇ ಕೆತ್ತತೊಡಗಿತು. ಮನಸ್ಸು ಎಲ್ಲಿಯೋ ಇದ್ದರೂ ಮುಚ್ಚಳ ಹಾಕುವ ಮೊದಲು ಗುರುತು ಬಿದ್ದಿರುತ್ತಿತ್ತು. ಈ ಅಭ್ಯಾಸವೇ ಮುಂದೆ ನನ್ನ ಕುತ್ತಿಗೆಗೆ ಬರುತ್ತದೆಂದು ಆಗ ಯಾರು ಕಂಡಿದ್ದರು?

ನಾರಾಯಣಪೇಟೆಗೆ ವಾಪಸು ಬಂದು ಸ್ವಂತ ಅಂಗಡಿ ಹಾಕಿದೆ. ಚಾವಿ ಕೊಡುವ ವಾಚುಗಳ ಕಾಲ ಹೋಗಿ ಸೆಲ್ ವಾಚು ಬಂತು, ಆಮೇಲೆ ಮೊಬೈಲ್ ಬಂತು, ಈಗ ನಾಡಿಯನ್ನೂ ತಾನೇ ಎಣಿಸುವ ವಾಚು ಬಂದಿದೆ. ಸೆಲ್ ವಾಚು ಬಂದ ಹೊಸದರಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಒಂದು ವರ್ಷ ಹಟ ಹಿಡಿದಿದ್ದೆ. ನಷ್ಟವಾದದ್ದು ನನಗೇ. ಹೊಸತನ್ನು ಬೈಯುತ್ತ ಕೂರುವವನು ಗಿರಾಕಿಯನ್ನು ಪಕ್ಕದ ಅಂಗಡಿಗೆ ತಾನೇ ಕಳಿಸಿಕೊಡುತ್ತಾನೆ, ಇಷ್ಟನ್ನು ನನ್ನಿಂದ ಕಲಿಯಿರಿ.

ನನ್ನ ದೊಡ್ಡ ಗಿರಾಕಿ ಮಕ್ತಲಿನ ಮಲ್ಲಪ್ಪ ಸಾಹುಕಾರರು. ಶೇಂಗಾ, ಹತ್ತಿ ವ್ಯಾಪಾರ. ಎತ್ತರದ ಆಳು, ದೊಡ್ಡ ದನಿ. ಅವರ ಎಡಗೈಯಲ್ಲಿ ಚಿನ್ನದ ಬಣ್ಣದ ದಪ್ಪ ಸ್ವಿಸ್ ವಾಚು. ಒಂದು ಜೋಡಿ ಎತ್ತಿನ ಬೆಲೆಗೆ ಮುಂಬೈಯಲ್ಲಿ ಕೊಂಡದ್ದೆಂದು ಊರಿಗೆಲ್ಲ ಗೊತ್ತಿತ್ತು, ಗೊತ್ತಿಲ್ಲದವರಿಗೆ ಅವರೇ ತಿಳಿಸುತ್ತಿದ್ದರು. ವರ್ಷಕ್ಕೊಮ್ಮೆ, ದಸರೆಗೆ ಮೊದಲು, ಅದನ್ನು ನನ್ನ ಹತ್ತಿರ ತಂದು, ಸಾಫ್ ಮಾಡಿ ಎಣ್ಣೆ ಬಿಡುವವರೆಗೂ ಎದುರಿಗೇ ಕೂತಿರುತ್ತಿದ್ದರು. “ಅಸಲಿ ಮಾಲು ಅಂದ್ರ ಹಿಂಗಿರಬೇಕು ನೋಡು ಚನ್ನಪ್ಪ” ಅನ್ನುತ್ತಿದ್ದರು. ಒಮ್ಮೆ ನಾನೇ ಜಂಬದಿಂದ ಭೂತಗನ್ನಡಿ ಕೊಟ್ಟು ಮುಚ್ಚಳದ ಒಳಗಿನ ನನ್ನ ಗುರುತುಗಳ ಸಾಲನ್ನು ತೋರಿಸಿದ್ದೆ. ಅವರು ಮಕ್ಕಳಂತೆ ಖುಷಿಪಟ್ಟಿದ್ದರು.

ಆ ವಾಚು ನಕಲಿ. ಮೊದಲ ಸಲ ತೆರೆದಾಗಲೇ ಗೊತ್ತಾಗಿತ್ತು. ಮೇಲೆ ಸ್ವಿಸ್ ಹೆಸರು, ಒಳಗೆ ಅಗ್ಗದ ಯಂತ್ರ. ಅದು ನಿಲ್ಲದಂತೆ ನೋಡಿಕೊಳ್ಳಲು ನಾನು ಎಷ್ಟು ಒದ್ದಾಡಿದ್ದೇನೆಂದರೆ, ಕೊನೆಕೊನೆಗೆ ಅದರೊಳಗೆ ಕಾರ್ಖಾನೆಯ ಭಾಗಗಳಿಗಿಂತ ನಾನು ಹಾಕಿದವೇ ಹೆಚ್ಚಾಗಿದ್ದವು. ಸಾಹುಕಾರರು ಅಸಲಿ ಅಂದರೇ ಹೊರತು ಅಸಲಿಯೇನು ಎಂದು ಎಂದೂ ಕೇಳಲಿಲ್ಲ. ಉಸ್ತಾದರ ಕಟ್ಟಳೆಯಂತೆ ನಾನೂ ಸುಮ್ಮನಿದ್ದೆ. ಅವರಿಗೆ ಒಳಗೊಳಗೇ ಗೊತ್ತಿರಬೇಕು, ನನ್ನ ಬಾಯಿಂದ ಹೊರಬೀಳುವುದು ಬೇಡವಾಗಿರಬೇಕು ಎಂದು ನಾನು ನಂಬಿದ್ದೆ.

ಈಗ ಈರಣ್ಣನ ವಿಷಯ. ನಮ್ಮ ಓಣಿಯ ನೇಕಾರ, ನನ್ನ ಗೆಳೆಯ. ಸೀರೆಯ ಅಂಚು ಮುಟ್ಟಿ ಇದು ಯಾರ ಮಗ್ಗದ್ದು ಎಂದು ಹೇಳುವಂಥ ಕೈ. ಹದಿನಾರು ಹದಿನೇಳು ವರ್ಷದ ಹಿಂದೆ ಅವನ ಮಗಳು ಸುಮಂಗಲೆಗೆ ಮಕ್ತಲಿನಲ್ಲಿ ಸಂಬಂಧ ಕೂಡಿಬಂತು. ವರ ಶಾಲೆಯ ಮೇಷ್ಟ್ರು, ಮಲ್ಲಪ್ಪ ಸಾಹುಕಾರರ ತಂಗಿಯ ಮಗ. ತಂದೆ ಇಲ್ಲದ್ದರಿಂದ ಸೋದರಮಾವನೇ ಎಲ್ಲಕ್ಕೂ ಹಿರಿಯ. ಸುಮಂಗಲೆಗೆ ಹಿಂದೊಮ್ಮೆ ಉಟ್ಕೂರಿನಲ್ಲಿ ನಿಶ್ಚಯವಾಗಿ ಮುರಿದಿತ್ತು. ಎರಡನೆಯದೂ ಮುರಿದರೆ ಜನ ಹುಡುಗಿಯ ಮೇಲೇ ತಪ್ಪು ಹೊರಿಸುತ್ತಾರೆಂದು ಈರಣ್ಣನ ಎದೆಯಲ್ಲಿ ಸದಾ ಅಳುಕು.

ಸಾಹುಕಾರರು ಬೇರೇನೂ ಕೇಳಲಿಲ್ಲ. ವರನ ಕೈಗೆ ಒಂದು ಒಳ್ಳೆಯ ವಾಚು, ಅಸಲಿ ಸ್ವಿಸ್ ಹೊಸ ವಾಚು, ಇಷ್ಟೇ. ಈರಣ್ಣ ಒಪ್ಪಿಕೊಂಡು ಬಂದ. ಒಪ್ಪಿಕೊಂಡ ಮೇಲೆ ಅದು ಎಂಥ ದುಬಾರಿ ಮಾತು ಎಂದು ಅವನಿಗೆ ತಿಳಿಯಿತು.

ಒಂದು ಮಧ್ಯಾಹ್ನ ಅಂಗಡಿಗೆ ಬಂದು, ಮಡಚಿದ ಸೀರೆ ತುಂಡಿನಿಂದ ಒಂದು ವಾಚು ತೆಗೆದ. ಗದ್ವಾಲದ ಸೀರೆ ವ್ಯಾಪಾರಿಯೊಬ್ಬರು ಅವನ ಅಪ್ಪನ ಕೈಕೆಲಸ ಮೆಚ್ಚಿ ಕೊಟ್ಟದ್ದಂತೆ. ಎಷ್ಟೋ ವರ್ಷ ಟ್ರಂಕಿನಲ್ಲಿ ಸತ್ತು ಮಲಗಿತ್ತು. ತೆರೆದು ನೋಡಿದೆ. ಅಪ್ಪಟ ಸ್ವಿಸ್. ಅಂಥ ಯಂತ್ರವನ್ನು ನಾನು ಜೀವನದಲ್ಲಿ ನಾಲ್ಕೈದು ಸಲ ಮುಟ್ಟಿದ್ದರೆ ಹೆಚ್ಚು.

“ಚನ್ನಣ್ಣ, ಇದನ್ನ ಹೊಸಾದು ಮಾಡಿ ಕೊಡು” ಅಂದ ಈರಣ್ಣ.

“ನಡೆಯೋ ಹಂಗ ಮಾಡ್ತೀನಿ. ಹೊಸಾದು ಹೆಂಗ ಆಗತೈತೋ?”

“ಕಾಣಾಕ ಹೊಸಾದಾಗಬೇಕು. ಹೈದರಾಬಾದಿನ್ಯಾಗ ತಗೊಂಡೀನಿ ಅಂತ ಅವ್ರಿಗೆ ಹೇಳಿಬಿಟ್ಟೀನಿ.” ಅವನು ವಾಚನ್ನು ನನ್ನ ಕಡೆಗೆ ಸರಿಸಿದ. “ನನ್ನ ಕೈಯಾಗ ಇಷ್ಟ ಐತಿ ನೋಡಣ್ಣ. ಹುಡುಗಿ ಮುಖಾ ನೋಡಿ ಮಾಡು.”

ಹಳೆಯದನ್ನು ಹಳೆಯದು ಎಂದು ಹೇಳಿ ಕೊಡಬೇಕು, ಇದು ನಮ್ಮ ಕಸುಬಿನ ಮರ್ಯಾದೆ. ನನಗೆ ಅದು ಗೊತ್ತಿತ್ತು, ಗೊತ್ತಿದ್ದೇ ಒಪ್ಪಿಕೊಂಡೆ. ಸುಮಂಗಲೆ ನನ್ನ ಕಣ್ಣ ಮುಂದೆ ಬೆಳೆದ ಹುಡುಗಿ. ಎರಡು ವಾರ ಕೂತು ಕೆಲಸ ಮಾಡಿದೆ. ಗಾಜು ಬದಲಿಸಿದೆ, ಡಯಲ್ ತೊಳೆದೆ, ಕವಚಕ್ಕೆ ಪಾಲಿಶ್ ಹಿಡಿಸಿದೆ, ಮಿಂಚುವ ಪಟ್ಟಿ ಹಾಕಿದೆ. ಕೊನೆಗೆ ಅದು ಟಿಕ್ ಟಿಕ್ ಎಂದು ಓಡತೊಡಗಿದಾಗ ಈರಣ್ಣ ಕಿವಿಗೆ ಹಿಡಿದು ಅತ್ತುಬಿಟ್ಟ. ನನ್ನ ಕೈಕೆಲಸಕ್ಕೆ ನಾನೇ ಬೆರಗಾದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ನಿಶ್ಚಯದ ದಿನ ಬೆಳಿಗ್ಗೆ ಸಾಹುಕಾರರ ಫೋನು ಬಂತು. “ಚನ್ನಪ್ಪ, ಕೂಡಲೇ ಮಕ್ತಲಕ್ಕ ಬಾ. ನಿನ್ನ ಸಾಮಾನು ತಗೊಂಡು ಬಾ. ಬೀಗರು ವಾಚ್ ತರಾಕತ್ತಾರ. ಹ್ವಾದ ವರ್ಷ ಗದ್ವಾಲದಾಗ ನಮ್ಮ ಸಂಬಂಧಿಕರಿಗೆ ಒಬ್ಬಾವ ನಕಲಿ ವಾಚ್ ಕೊಟ್ಟು ತಲಿ ತಗ್ಗಿಸೋ ಹಂಗ ಮಾಡ್ಯಾನ. ನಮ್ಮನ್ಯಾಗ ಹಂಗಾಗಬಾರದು. ಎಲ್ಲಾರ ಮುಂದ ತೆರೆದು ನೋಡಿ ಹೇಳು.”

ಇಲ್ಲ ಅನ್ನಲು ಕಾರಣ ಸಿಗಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಅಂದುಕೊಂಡೆ. ಬೇರೆ ಯಾರನ್ನೋ ರಾಯಚೂರಿನಿಂದ ಕರೆಸುವುದಕ್ಕಿಂತ ತೆರೆಯುವವನು ನಾನೇ ಆದರೆ ಭಯ ಏನು? ಅಸಲಿಯೇ ಎಂದು ಕೇಳಿದರೆ ಅಸಲಿ ಅಂದರಾಯಿತು, ಅದು ಸುಳ್ಳೂ ಅಲ್ಲ. ಸಾಮಾನಿನ ಚೀಲ ಹಿಡಿದು ಬಸ್ಸು ಹತ್ತಿದೆ.

ದಾರಿಯಲ್ಲಿ ಕಿಟಕಿಯ ಸರಳಿನ ಮೇಲೆ ನನ್ನ ಬಲಗೈಯ ಉಗುರು ಸುಮ್ಮನೆ ಏನನ್ನೋ ಗೀರುತ್ತಿತ್ತು. ನೋಡಿದೆ. ‘ಚ’ ಗೀರುತ್ತಿತ್ತು. ಈರಣ್ಣನ ವಾಚಿಗೆ ನಾನು ಗುರುತು ಹಾಕಿದ್ದೇನೆಯೇ? ಹಾಕಬಾರದು ಎಂಬ ಯೋಚನೆ ಆ ಎರಡು ವಾರದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹಾಕಿದ ನೆನಪೂ ಇಲ್ಲ, ಬಿಟ್ಟ ನೆನಪೂ ಇಲ್ಲ. ಹೈದರಾಬಾದಿನಿಂದ ಬಂದ ಹೊಚ್ಚ ಹೊಸ ವಾಚಿನೊಳಗೆ ನಾರಾಯಣಪೇಟೆಯ ಚನ್ನಪ್ಪನ ಅಕ್ಷರ, ಹೋದ ತಿಂಗಳ ತಾರೀಖು ಸಮೇತ. ಆ ಅಕ್ಷರವನ್ನು ಗುರುತಿಸಬಲ್ಲವರು ಆ ಸೀಮೆಯಲ್ಲಿ ಸಾಹುಕಾರರೊಬ್ಬರೇ ಇದ್ದರು. ಅವರ ಮನೆಗೇ ನಾನು ಹೋಗುತ್ತಿದ್ದೆ.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಎರಡೂ ಕಡೆಯ ಹಿರಿಯರು, ನಡುವೆ ತಟ್ಟೆಗಳಲ್ಲಿ ಹಣ್ಣು, ಎಲೆ ಅಡಿಕೆ, ಬಟ್ಟೆ, ಮತ್ತೊಂದರಲ್ಲಿ ಕೆಂಪು ಪೆಟ್ಟಿಗೆಯೊಳಗೆ ಆ ವಾಚು. ವರ ಗೋಡೆಗೆ ಒರಗಿ ನಾಚಿ ಕೂತಿದ್ದ. ಈರಣ್ಣ ನನ್ನನ್ನು ನೋಡಿದ್ದೇ ಮುಖ ಅರಳಿಸಿ ನಕ್ಕ. ನಾನಿದ್ದೇನೆಂಬ ಧೈರ್ಯಕ್ಕೆ ನಕ್ಕ ನಗು ಅದು. ಅದಕ್ಕಿಂತ ಅವನು ಬೈದಿದ್ದರೆ ಚೆನ್ನಾಗಿತ್ತು.

“ಮುಹೂರ್ತ ಹತ್ರ ಐತಿ. ನೋಡು ಚನ್ನಪ್ಪ, ಜಲ್ದಿ ನೋಡು” ಅಂದರು ಸಾಹುಕಾರರು.

ಬಿಳಿ ಬಟ್ಟೆ ಹಾಸಿ, ಭೂತಗನ್ನಡಿ ಕಣ್ಣಿಗೆ ಏರಿಸಿ, ಮುಚ್ಚಳ ಬಿಚ್ಚಿದೆ. ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಅಂಚಿನ ಹತ್ತಿರ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಚೊಕ್ಕವಾಗಿ ‘ಚ’. ಪಕ್ಕದಲ್ಲಿ ತಿಂಗಳು, ವರ್ಷ. ಅದರ ಮೇಲೆ, ಮಾಸಿದ ಉರ್ದು ಅಕ್ಷರದಲ್ಲಿ ರಹೀಂ ಉಸ್ತಾದರ ಗುರುತು, ಗದ್ವಾಲದಲ್ಲಿ ಎಂದೋ ಅವರ ಕೈಗೂ ಬಂದಿದ್ದ ವಾಚು ಅದು. ಕೆಲಸದ ಹೊತ್ತಿನಲ್ಲಿ ಅದನ್ನೂ ನಾನು ಗಮನಿಸಿರಲಿಲ್ಲ.

ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಹಿಡಿದೆ. “ಮಾಲು ಅಸಲಿ ಐತ್ರಿ ಸಾವ್ಕಾರ್ರ. ಒಂದು ಕೂದಲಷ್ಟೂ ಅನುಮಾನ ಇಲ್ರಿ” ಅಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಈರಣ್ಣನ ಕಡೆಯವರು ಉಸಿರು ಬಿಟ್ಟರು. ಆದರೆ ಸಾಹುಕಾರರು ಮುಂದಕ್ಕೆ ಬಾಗಿ ಕೈ ಚಾಚಿದರು. “ಕೊಡಿಲ್ಲಿ. ಅಸಲಿ ವಾಚಿನ ಹೊಟ್ಟಿ ಹೆಂಗಿರತೈತಿ ನಾನೂ ನೋಡ್ತೀನಿ.”

ನನ್ನ ಇನ್ನೊಂದು ಕೈಯಲ್ಲಿ ಚಿಮಟಾ ಇತ್ತು. ಒಂದು ಗೀರು ಎಳೆದರೆ ‘ಚ’ ಅಳಿಸಿಹೋಗುತ್ತಿತ್ತು. ಅಥವಾ ಮುಚ್ಚಳವನ್ನು ಕೈಜಾರಿಸಿ ಬೀಳಿಸಬಹುದಿತ್ತು. ಎರಡೂ ಯೋಚನೆ ಬಂದವು. ಆದರೆ ಗುರುತು ಕೆತ್ತಲು ಕಲಿತ ಕೈ ಅದನ್ನು ಅಳಿಸಲು ಏಳಲಿಲ್ಲ. ಒಳ್ಳೆಯತನವೆಂದು ತಿಳಿಯಬೇಡಿ, ಹೆದರಿಕೆಗೆ ಕೈ ಮರಗಟ್ಟಿತ್ತು. ಮುಚ್ಚಳವನ್ನೂ ಭೂತಗನ್ನಡಿಯನ್ನೂ ಅವರ ಕೈಗೆ ಕೊಟ್ಟೆ.

ಅವರು ನೋಡಿದರು. ಮುಚ್ಚಳವನ್ನು ಸ್ವಲ್ಪ ತಿರುಗಿಸಿ ಮತ್ತೆ ನೋಡಿದರು. ನನಗೆ ವಾಚಿನ ಟಿಕ್ ಟಿಕ್ ಒಂದೇ ಕೇಳಿಸುತ್ತಿತ್ತು. ಆಮೇಲೆ ಭೂತಗನ್ನಡಿ ಇಳಿಸಿ ಈರಣ್ಣನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅವರ ಕಣ್ಣನ್ನು ಎದುರಿಸಲಾಗದೆ ನನ್ನ ನೋಟ ಕೆಳಗಿಳಿದು ಅವರ ಎಡಗೈಯ ದಪ್ಪ ವಾಚಿನ ಮೇಲೆ ನಿಂತಿತು. ನಿಂತ ಮೇಲೆ ಹೊಳೆಯಿತು. ನೀವು ಬಾಯಿ ಬಿಟ್ಟರೆ ನಾನೂ ಬಿಡುತ್ತೇನೆ. ಉಸ್ತಾದರ ಕಟ್ಟಳೆ ಮುರಿದರೂ ಸರಿ, ಎಲ್ಲರ ಮುಂದೆ ನಿಮ್ಮ ವಾಚಿನ ಹೊಟ್ಟೆಯನ್ನೂ ಬಗೆಯುತ್ತೇನೆ. ಹಾಗಂದುಕೊಂಡು ಬೇಕೆಂದೇ ಆ ವಾಚನ್ನು ದಿಟ್ಟಿಸಿದೆ.

ಅವರು ತಮ್ಮ ಕೈ ನೋಡಿಕೊಂಡರು. ಮುಚ್ಚಳವನ್ನು ನನಗೆ ವಾಪಸು ಕೊಟ್ಟು, “ಪಕ್ಕಾ ಮಾಲು ಐತಿ. ಹೊತ್ತಾತು, ಎಲಿ ಅಡಿಕಿ ಬದಲಾಯ್ಸ್‌ರಿ” ಅಂದರು.

ಮದುವೆ ಆಯಿತು. ಸುಮಂಗಲೆ ಸುಖವಾಗಿದ್ದಾಳೆ. ಅಳಿಯ ಮೇಷ್ಟ್ರ ಕೈಯಲ್ಲಿ ಆ ವಾಚು ಈಗಲೂ ಓಡುತ್ತಿದೆ. ಈರಣ್ಣನಿಗೆ ಗುರುತಿನ ಸಂಗತಿಯನ್ನು ನಾನು ಹೇಳಲೇ ಇಲ್ಲ, ಅವನು ತಿಳಿಯದೆಯೇ ತೀರಿಕೊಂಡ.

ಇನ್ನು ನನ್ನ ಬಗ್ಗೆ ಹೇಳಲು ನಾಚಿಕೆಯಾಗುತ್ತದೆ. ಆ ದಿನದಿಂದ ಸಾಹುಕಾರರ ಜುಟ್ಟು ನನ್ನ ಕೈಗೆ ಸಿಕ್ಕಿತು ಎಂದು ನಂಬಿದೆ. ತನ್ನ ನಕಲಿ ಬಯಲಾಗುತ್ತದೆಂದು ಹೆದರಿ ಬಾಯಿ ಮುಚ್ಚಿದ ಮನುಷ್ಯ ಎಂದು ಒಳಗೊಳಗೇ ತಾತ್ಸಾರ. ಅವರು ದಸರೆಗೆ ವಾಚು ತಂದರೆ ಎದ್ದು ನಿಲ್ಲುವುದನ್ನು ಬಿಟ್ಟೆ. ಮೊದಲು ಬೇರೆ ಗಿರಾಕಿ ನೋಡಿ ಅವರನ್ನು ಕಾಯಿಸುತ್ತಿದ್ದೆ. ಅವರು ಏನೂ ಅನ್ನದೆ ಬೆಂಚಿನ ಮೇಲೆ ಕೂತಿರುತ್ತಿದ್ದರು. ಅದನ್ನೂ ಹೆದರಿಕೆ ಎಂದೇ ತಿಳಿದೆ.

ಅಂಗಡಿ ಮುಚ್ಚುವ ವಾರ. ಸಾಮಾನುಗಳನ್ನು ಡಬ್ಬಿಗೆ ತುಂಬುತ್ತಿದ್ದೆ. ಮಕ್ತಲಿನಿಂದ ಆಟೋ ಮಾಡಿಕೊಂಡು ಸಾಹುಕಾರರು ಬಂದರು. ಎಂಬತ್ತರ ಹತ್ತಿರ, ಕೈಯಲ್ಲಿ ಕೋಲು, ದೊಡ್ಡ ದನಿ ಸಣ್ಣದಾಗಿತ್ತು. ಬೆಂಚಿನ ಮೇಲೆ ಕೂತು ವಾಚು ಬಿಚ್ಚಿಕೊಟ್ಟರು.

“ಕಡೀ ಸರ್ತಿ ಎಣ್ಣಿ ಬಿಡು ಚನ್ನಪ್ಪ. ಮೊಮ್ಮಗಗ ಕೊಡಬೇಕು ಅಂತ ಮಾಡೀನಿ. ಅವ ಕೇಳಾಕತ್ತಾನ, ಮುತ್ಯಾ, ಇದು ಖರೇನ ಅಸಲಿ ಐತೇನು ಅಂತ. ನಾ ಹೇಳಿದ್ರ ನಂಬಂಗಿಲ್ಲ. ನೀ ಹೇಳು. ಅಸಲಿ ಐತಲ್ಲ?”

ಮೂವತ್ತು ವರ್ಷದಲ್ಲಿ ಮೊದಲ ಸಲ ಕೇಳಿದರು. ಆಗಲೇ ಮುಚ್ಚಳ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ, ತಲೆ ಎತ್ತಿದೆ. ಅವರ ಮುಖದಲ್ಲಿ ಕಪಟ ಇರಲಿಲ್ಲ. ಈ ಮನುಷ್ಯನಿಗೆ ಗೊತ್ತೇ ಇಲ್ಲ! ಎಂದೂ ಗೊತ್ತಿರಲಿಲ್ಲ! ಹಾಗಾದರೆ ಆ ದಿನ?

ಕೇಳಿಯೇಬಿಟ್ಟೆ. “ಸಾವ್ಕಾರ್ರ, ಈರಣ್ಣನ ವಾಚಿನ ಮುಚ್ಚಳ ನೋಡಿದ್ರಲ್ರಿ, ಆವತ್ತು. ಅದರಾಗ…”

“ನಿನ್ನ ಗುರುತಿತ್ತು. ನೋಡಿದೆ.”

“ಮತ್ತ ಯಾಕ ಸುಮ್ಮನಾದ್ರಿ?”

“ಮೊದಲ ಸಿಟ್ಟು ಬಂತು. ಇಬ್ರೂ ಕೂಡಿ ನನಗ ಟೋಪಿ ಹಾಕಾಕತ್ತಾರ ಅಂತ. ಆಮ್ಯಾಲ ಅನ್ನಿಸ್ತು, ಮೋಸ ಮಾಡಾವ ಒಳಗ ತನ್ನ ಹೆಸರು ಯಾಕ ಬರೀತಾನ? ಈರಣ್ಣನ ಕಡೆ ನೋಡಿದೆ, ಪಾಪ, ನಿನ್ನ ನೋಡಿ ನಗಾಕತ್ತಿದ್ದ. ಒಂದು ವಾಚಿನ ಸಲುವಾಗಿ ಆ ಕೂಸಿನ ಮದುವಿ ಮುರೀಲೇನು? ಅಷ್ಟರಾಗ ನೀನೂ ನನ್ನ ವಾಚ್ ನೋಡಿದಿ. ಮುಹೂರ್ತ ಮೀರಾಕತ್ತೈತಿ ಅಂತ ಕಣ್ಸನ್ನಿ ಮಾಡಾಕತ್ತೀದಿ ಅಂದ್ಕೊಂಡೆ. ಖರೇನ ಹೊತ್ತಾಗಿತ್ತು. ಮುಚ್ಚಿ ಕೊಟ್ಟೆ.”

ಹದಿನೈದು ದಸರೆ ಆ ಮನುಷ್ಯನನ್ನು ಬೆಂಚಿನ ಮೇಲೆ ಕಾಯಿಸಿದ್ದೆ. ಕಣ್ಣಲ್ಲಿ ನೀರು ಬಂತು. ಮುಚ್ಚಳದಲ್ಲಿ ನನ್ನ ‘ಚ’ಗಳ ಸಾಲು ಮಸುಕಾಯಿತು.

“ಈಗ ಹೇಳು. ಅಸಲಿ ಐತಲ್ಲ?”

ಮಾಲಕ ಕೇಳಿದ್ದಾನೆ, ಖರೇ ಹೇಳಬೇಕು. “ಸಾವ್ಕಾರ್ರ, ಇದು…” ಎಂದು ಶುರು ಮಾಡಿ ಅಲ್ಲೇ ನಿಂತೆ. ಅವರು ನನ್ನ ಮುಖ ನೋಡಿದರು, ನೋಡಿಯೇ ತಿಳಿದುಕೊಂಡರು. ವಾಚಿಲ್ಲದ ಮಣಿಕಟ್ಟನ್ನು ಒಮ್ಮೆ ಸವರಿಕೊಂಡರು. ಆಮೇಲೆ ಕೈ ಎತ್ತಿದರು.

“ಬ್ಯಾಡ, ಬಿಡು. ಆವತ್ತು ನಾ ಮುಚ್ಚಿ ಕೊಟ್ಟೆ. ಇವತ್ತು ನೀ ಮುಚ್ಚಿ ಕೊಡು.”

ನಡುಗುವ ಕೈಯಿಂದ ಕೊನೆಯ ಗುರುತು ಕೆತ್ತಿದೆ. ಅಕ್ಷರ ಸೊಟ್ಟಗಾಯಿತು. ಮುಚ್ಚಿ, ಅವರ ಕೈಗೆ ನಾನೇ ಕಟ್ಟಿದೆ. ಎದ್ದು ನಿಂತು ಆಟೋದವರೆಗೂ ಕೈಹಿಡಿದು ಬಿಟ್ಟು ಬಂದೆ. ಹತ್ತುವಾಗ, “ಟೈಮ್ ಆದರೂ ಸರಿ ಐತೇನು?” ಅಂದರು. “ಸರಿ ಐತ್ರಿ” ಅಂದೆ. ಅದು ಖರೇ ಇತ್ತು.

ಮುಂದಿನ ಸಂಕ್ರಾಂತಿಯ ಹೊತ್ತಿಗೆ ಸಾಹುಕಾರರು ತೀರಿಹೋದರು. ವಾಚು ಮೊಮ್ಮಗನ ಕೈಗೆ ಬಂದಿದೆ ಎಂದು ಕೇಳಿದ್ದೇನೆ.

ದೊಡ್ಡ ಬೆಲೆಯ ವಾಚು ತಗೊಳ್ಳಬೇಕೋ ಬೇಡವೋ ಎಂದರೆ ನನಗೆ ಬಾಯಿ ಕಟ್ಟುವುದು ಇದಕ್ಕೆ. ಕಂಪೌಂಡರ್ ಅವರ ಸಾದಾ ವಾಚು ಒಂದು ಜೀವದ ಮಾತಾಗಿತ್ತು. ಈರಣ್ಣನ ಅಸಲಿ ವಾಚು ಸುಳ್ಳು ಹೇಳಿಕೊಂಡು ಹೋಯಿತು. ಸಾಹುಕಾರರ ನಕಲಿ ವಾಚು ಅವರಿಗೆ ಮೂವತ್ತು ವರ್ಷ ಸಂತೋಷ ಕೊಟ್ಟಿತು, ಅದನ್ನು ಮುರಿದವನು ಕೊನೆಗೆ ನಾನೇ. ಬೇಕಿದ್ದವರು ತಗೊಳ್ಳಲಿ. ಬೀಗರ ಹತ್ತಿರ ಬಾಯಿಬಿಟ್ಟು ಕೇಳಿ ಇಸಿದುಕೊಳ್ಳುವುದು ಮಾತ್ರ ಬೇಡ.

ಕಸುಬಿಗೆ ಬಂದವರಿಗೆ ಕಡೆಯದಾಗಿ ಒಂದು ಮಾತಿದೆ, ಉಸ್ತಾದರ ಕಟ್ಟಳೆ ಮುರಿದು ಇಷ್ಟೆಲ್ಲ ಬರೆದದ್ದೂ ಅದಕ್ಕೇ. ಒಂದು ದಿನ ಮಕ್ತಲಿನ ಒಬ್ಬ ತರುಣ ದಪ್ಪನೆಯ, ಚಿನ್ನದ ಬಣ್ಣದ ವಾಚೊಂದನ್ನು ನಿಮ್ಮಲ್ಲಿ ಯಾರದೋ ಮೇಜಿನ ಮೇಲಿಟ್ಟು, ಇದು ಅಸಲಿಯೇ ಎಂದು ಕೇಳುತ್ತಾನೆ. ತೆರೆದರೆ ಒಳಗೆ ಸಾಲುಸಾಲು ‘ಚ’ ಕಾಣುತ್ತದೆ, ಕೊನೆಯದು ಸೊಟ್ಟ. ಮಾಲಕ ಕೇಳಿದ ಮೇಲೆ ಖರೇ ಹೇಳಬೇಕು, ಹೇಳಿ. ಹೇಳಿದ ಮೇಲೆ ಅವನನ್ನು ಸ್ವಲ್ಪ ಹೊತ್ತು ಕೂರಿಸಿಕೊಂಡು, ಅವನ ಮುತ್ಯಾ ಒಂದು ಮಧ್ಯಾಹ್ನ ಏನನ್ನು ನೋಡಿ ಮುಚ್ಚಿ ಕೊಟ್ಟರು ಎಂಬುದನ್ನೂ ಹೇಳಿ ಕಳಿಸಿ.